ಇಪ್ಪತ್ತನಾಲ್ಕು ಅಡಿಯ ದೋಟಿ

ಚಾಂದ್ ಪಾಷಾ ಆ ದಿನ ಬೆಳಿಗ್ಗೆ ಹನ್ನೊಂದು ಜನರಿಗೆ ನಿಜ ಹೇಳಿದ. ಹನ್ನೆರಡನೆಯವನಿಗೆ ಸುಳ್ಳು ಹೇಳಿದ. ಆದದ್ದೆಲ್ಲ ಆ ಹನ್ನೆರಡನೆಯವನಿಂದ.

ನಿಜ ಇಷ್ಟೇ. ಅವನ ಪಿಕಪ್ಪಿನ ಹಿಂದೆ ಎರಡು ಚಕ್ರದ ಟ್ರೇಲರ್ ಇತ್ತು, ಟ್ರೇಲರಿನ ಮೇಲೆ ಬಿಳಿಯ ಸಣ್ಣ ಹಾಯಿದೋಣಿ ಇತ್ತು. ಒಳಗೆ ಇಬ್ಬರು ಕಾಲು ಮಡಚಿ ಮಲಗುವಷ್ಟು ಕೋಣೆ, ಒಂದು ಪುಟ್ಟ ಒಲೆ. ಬೇಕಾದರೆ ದಂಡೆಗುಂಟ ನಾಲ್ಕು ದಿನ ತಿರುಗಿ ಬರಬಹುದು, ಬೇಕಾದರೆ ರೇಸಿಗೂ ಇಳಿಸಬಹುದು. ಒಡತಿ ನಮಿತಾ ಕಾರವಾರದ ರೇಸಿಗೆ ಹೊರಟವಳು. ದೋಣಿ ಎಳೆಯುತ್ತಿದ್ದ ಅವಳ ಜೀಪು ಸಿದ್ದಾಪುರಕ್ಕೆ ಬಂದು ಹೊಗೆ ಬಿಟ್ಟು ನಿಂತಿತು. ದೋಣಿಯನ್ನು ಚಾಂದ್‌ನ ಬಾಡಿಗೆ ಪಿಕಪ್ಪಿಗೆ ಕಟ್ಟಿಸಿ, ಹೆಸರು ಬರೆಸುವುದಕ್ಕೆ ತಾನು ಬಸ್ಸು ಹಿಡಿದು ಮುಂದೆ ಹೋದಳು. ಹೋಗುವಾಗ ಹೇಳಿದ್ದು ಒಂದೇ ಮಾತು: "ಐದು ಗಂಟೆಯೊಳಗೆ ದೋಣಿ ಅಳತೆಗೆ ಸಿಗಬೇಕು. ಐದು ದಾಟಿದರೆ ರೇಸಿಗೆ ಸೇರಿಸೋದಿಲ್ಲ."

ಚಾಂದ್ ಪಾಷಾನಿಗೆ ರೇಸಿಗಿಂತ ಕೀಲಿಯ ಚಿಂತೆ. ಪಿಕಪ್ಪು ಅವನದಲ್ಲ, ಶಿರಸಿಯ ಫೈಜಲ್‌ನದು. ಫೈಜಲ್ ಅಣ್ಣನ ಮಗ, ಆದರೆ ಮಾಲೀಕ. ಹಿಂದಿನ ತಿಂಗಳು ಚಾಂದ್ ಮದುವೆಮನೆಯ ಕಪಾಟನ್ನು ತಿಥಿಯ ಮನೆಯಲ್ಲಿ ಇಳಿಸಿ ಬಂದಿದ್ದ. ಅದರ ಮುಂದಿನ ವಾರ ಹಿಂಡಿಯ ಚೀಲಗಳನ್ನು ಹಿಂದಿನ ಬಾಗಿಲು ಹಾಕದೆ ಹೇರಿಕೊಂಡು ಹೋಗಿ, ದಾರಿಯುದ್ದಕ್ಕೂ ಊರ ದನಗಳಿಗೆಲ್ಲ ಹಬ್ಬ ಮಾಡಿಸಿದ್ದ. "ಚಾಚಾ, ಮೂರನೇದು ಆದ್ರೆ ನಾನೇನೂ ಬೈಯೋದಿಲ್ಲ. ನೀವೇ ಬಂದು ಕೀಲಿ ಮೇಜಿನ ಮೇಲೆ ಇಟ್ಟು ಹೋಗ್ಬೇಕು," ಎಂದಿದ್ದ ಫೈಜಲ್.

ಸಿದ್ದಾಪುರ ದಾಟುವಷ್ಟರಲ್ಲೇ ಹನ್ನೊಂದು ಜನ ಕೈ ಅಡ್ಡ ಹಾಕಿ "ಎಂತದು ಇದು?" ಎಂದು ಕೇಳಿದ್ದರು. ದೋಣಿ ಎಂದ. ಕೆಲವರು ನಕ್ಕರು. ಕೆಲವರು ಬಗ್ಗಿ ಇಂಜಿನ್ ಹುಡುಕಿದರು. ಒಬ್ಬ, "ಹೊಳೆ ಆ ಬದಿಗೆ, ನೀ ಈ ಬದಿಗೆ ಹೊಂಟಿದ್ಯಲ ಮಾರಾಯಾ," ಎಂದು ತಿದ್ದಿದ. ಗಾಳಿಗೆ ಹೋಗುತ್ತದೆ ಎಂದದ್ದಕ್ಕೆ ಎಲ್ಲರೂ ಅವನ ಮುಖ ನೋಡಿದರು.

ಚಹಾ ಕುಡಿಯಲು ನಿಂತಾಗ ಹನ್ನೆರಡನೆಯವನು ಬಂದ. ತ್ಯಾಗಲಿಯ ಗಿರೀಶ. ಅವನ ಕಣ್ಣು ನೆಟ್ಟದ್ದು ದೋಣಿಯ ಮೇಲೆ ಮಲಗಿಸಿ ಕಟ್ಟಿದ್ದ ಹಾಯಿಕಂಬದ ಮೇಲೆ. ನೀಲಿ ಬಟ್ಟೆಯ ಚೀಲದೊಳಗಿದ್ದ ಉದ್ದದ ಕಂಬ, ಹಿಂದಿನ ತುದಿಗೆ ಕೆಂಪು ಚಿಂದಿ.

"ಇದೆಂತದಾ ಪಾಷಾ?"

ಚಾಂದ್ ಬಿಸಿ ಚಹಾ ನುಂಗಿದ. ಮತ್ತೆ ಗಾಳಿ, ಇಂಜಿನ್, ಹೊಳೆ ಎಂದು ಶುರುಮಾಡುವ ಶಕ್ತಿ ಇರಲಿಲ್ಲ. "ದೋಟಿ," ಎಂದ.

ಅಡಿಕೆ ಮರ ಹತ್ತುವವರು ಕಡಿಮೆಯಾದ ಮೇಲೆ, ನೆಲದ ಮೇಲೆ ನಿಂತೇ ಗೊನೆ ಕೊಯ್ಯುವ ಉದ್ದ ಕೋಲಿನ ಹೆಸರು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಕೊಯ್ಲಿನ ಕಾಲದಲ್ಲಿ ಅದರ ಹೆಸರಲ್ಲಿ ತಮಾಷೆ ಮಾಡಬಾರದು ಎಂಬುದು ಚಾಂದ್‌ನಿಗೆ ಗೊತ್ತಿರಲಿಲ್ಲ.

"ಹೊಸಾದನಾ?"

"ಹೊಸಾ ನಮೂನೆ. ಇಪ್ಪತ್ತನಾಲ್ಕು ಅಡಿ."

"ಮತ್ತೆ ಈ ಬಿಳೀ ತೊಟ್ಟಿ ಎಂತಕ್ಕೆ?"

"ಕೊಯ್ದ ಗೊನೆ ಬೀಳೂಕೆ."

ಗಿರೀಶ ನಗಲಿಲ್ಲ. ಹೆದರಬೇಕಾದದ್ದು ಅದಕ್ಕೇ. ಅವನು ಸುತ್ತ ಒಂದು ಪ್ರದಕ್ಷಿಣೆ ಬಂದು, ನಾಲ್ಕು ಫೋಟೋ ತೆಗೆದು, ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟ.

ಶಿರಸಿ ದಾಟಿ ಯಲ್ಲಾಪುರದ ರಸ್ತೆ ಹಿಡಿದು ಸೋಂದಾ ಕ್ರಾಸಿಗೆ ಬರುವಾಗ ರಸ್ತೆಗೆ ಅಡ್ಡಲಾಗಿ ಒಂದು ಜೀಪು ನಿಂತಿತ್ತು. ಅದರ ಮುಂದೆ ಇಪ್ಪತ್ತು ಜನ. ಎಲ್ಲರಿಗಿಂತ ಮುಂದೆ ಉಲ್ಲಾಸ. ಊರಿಗೆ ಬಂದ ಪ್ರತಿಯೊಂದು ಹೊಸ ಯಂತ್ರವನ್ನೂ ಮೊದಲು ಕೆಡಿಸಿದವನು ತಾನೇ ಎಂಬ ಹೆಮ್ಮೆ ಅವನದು. ಪಕ್ಕದಲ್ಲಿ ಮಹಿಳಾ ಸಂಘದ ನೇತ್ರಾ. ಹಿಂದೆ ಬೈರ. ಮೂವತ್ತು ವರ್ಷ ಮರ ಹತ್ತಿ ಗೊನೆ ಇಳಿಸಿದವನು, ಈಗ ಉಲ್ಲಾಸನ ಮನೆಯ, ಬೇಕಾದಷ್ಟು ಉದ್ದಕ್ಕೆ ಎಳೆದುಕೊಳ್ಳುವ ಕಾರ್ಬನ್ ದೋಟಿ ಹಿಡಿದು ಕೊಯ್ಯುತ್ತಾನೆ. ಆ ದೋಟಿಯನ್ನೂ ಹೋಲಿಸಿ ನೋಡಲು ಹೆಗಲ ಮೇಲೆ ಹೊತ್ತು ತಂದಿದ್ದ.

"ಇಳ್ಸು," ಎಂದ ಉಲ್ಲಾಸ. "ಮೊದಲು ಇಲ್ಲಿ ತೋರ್ಸಿ ಆಮೇಲೆ ಮುಂದೆ ಹೋಗು."

"ಉಲ್ಲಾಸಣ್ಣಾ, ಇದು ದೋಟಿ ಅಲ್ಲ. ದೋಣಿ. ಗಿರೀಶನ ಹತ್ರ ತಮಾಷೆಗೆ ಹೇಳಿದ್ದು."

"ದೋಣಿಗೆ ಇಂಜಿನ್ ಎಲ್ಲಿದೆ?"

"ಇಲ್ಲ. ಗಾಳಿಗೆ ಹೋಗ್ತದೆ."

"ಗಾಳಿಗೆ ಹೋಗೂದಾದ್ರೆ ಎಳ್ಯೂಕೆ ನಿನ್ನ ಗಾಡಿ ಎಂತಕ್ಕೆ?"

ಇಪ್ಪತ್ತು ಜನರೂ ತಲೆ ಆಡಿಸಿದರು. ನೇತ್ರಾ ಉಲ್ಲಾಸನ ಕಡೆ ತಿರುಗಿ, "ಆನು ಹೇಳಿದ್ದಿ ಅಲ್ದ? ಯಲ್ಲಾಪುರದವ್ಕೆ ಕೊಡೂಲೆ ತಗಂಡು ಹೋಗ್ತಾ ಇದ್ದ," ಎಂದಳು. ಆ ಮಾತು ಗುಂಪಿನಲ್ಲಿ ಬೆಂಕಿಯಂತೆ ಹಬ್ಬಿತು. ದೋಟಿ ಇಲ್ಲ ಎಂದರೆ ಸೋಂದಾದವರು ತಡೆದುಕೊಳ್ಳಬಲ್ಲರು, ಯಲ್ಲಾಪುರಕ್ಕೆ ಮೊದಲು ಸಿಕ್ಕಿತು ಎಂದರೆ ಆಗುವುದಿಲ್ಲ.

ಆಗ ಗಂಟೆ ಹತ್ತೂಕಾಲು. ವಾದ ಮಾಡುತ್ತ ನಿಂತರೆ ಸಂಜೆ ಇಲ್ಲಿಯೇ ಆಗುತ್ತದೆ ಎಂದು ಚಾಂದ್ ಲೆಕ್ಕ ಹಾಕಿದ. "ಕಂಬ ನಿಲ್ಲಿಸಿ ಹಾಯಿ ಏರಿಸಿ ತೋರಿಸ್ತೇನೆ. ನೋಡಿ ಬಿಟ್ಬಿಡ್ಬೇಕು," ಎಂದ. ಬೆಳಿಗ್ಗೆ ನಮಿತಾ ಕಂಬ ಬಿಗಿದು ಕಟ್ಟುವಾಗ ಇವನೇ ಹಗ್ಗ ಹಿಡಿದು, ಅದನ್ನು ನಿಲ್ಲಿಸುವುದು ಹೇಗೆಂದು ಕೇಳಿ ತಿಳಿದುಕೊಂಡಿದ್ದ. ನಿಜ ಹೇಳಬೇಕೆಂದರೆ, ಆ ಬಟ್ಟೆ ಏರಿದರೆ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ ಅವನಿಗೂ ಇತ್ತು.

ರಸ್ತೆಯ ಮೇಲೆ ಕರೆಂಟಿನ ತಂತಿ. ಆದ್ದರಿಂದ ಟ್ರೇಲರನ್ನು ಪಿಕಪ್ಪಿನಿಂದ ಬಿಚ್ಚಿ, ಎಲ್ಲರೂ ಸೇರಿ ಪಕ್ಕದ ಕೊಯ್ಲಾದ ಗದ್ದೆಗೆ ನೂಕಿದರು. ಗದ್ದೆ ಗಟ್ಟಿಯಾಗಿತ್ತು, ಸ್ವಲ್ಪ ಇಳಿಜಾರಾಗಿತ್ತು, ಇಳಿಜಾರಿನ ಕೊನೆಗೆ ಉಲ್ಲಾಸನ ಕೃಷಿಹೊಂಡ ಇತ್ತು. ಚಕ್ರಕ್ಕೆ ಒಂದು ದೊಡ್ಡ ಕಲ್ಲು ಕೊಟ್ಟರು. ಕಟ್ಟಿದ್ದ ಪಟ್ಟಿಗಳನ್ನು ಬಿಚ್ಚಿ, ಆರು ಜನ ಹಿಡಿದು ಕಂಬ ನಿಲ್ಲಿಸಿದರು.

"ನನ್ನ ಏಣಿ ಇದ್ದಿದ್ರೆ ಒಳಗೆ ಎಂತ ಇದೆ ನೋಡ್ಲಾಗಿತ್ತು. ಬೈರಾ, ಏಣಿ ಒಯ್ದು ತಿಂಗಳಾತು," ಎಂದಳು ನೇತ್ರಾ.

"ಬದ್ಲಿಗೆ ನನ್ನ ಸೈಕಲ್ ಬಿಟ್ಟಿದ್ನಲ್ರಾ ಅಮ್ಮಾ," ಎಂದ ಬೈರ, ನೋವಾದವನಂತೆ. "ಯಾರ ಸಾಮಾನನ್ನೂ ಬದ್ಲಿ ಇಡದೆ ಮುಟ್ಟಿದವ ಅಲ್ಲ ನಾನು."

ಏಣಿ ಇಲ್ಲದ ನೇತ್ರಾ ಸುತ್ತ ನೋಡಿದಳು. ಚಕ್ರಕ್ಕೆ ಕೊಟ್ಟ ಕಲ್ಲು ಎತ್ತರಕ್ಕೆ ಸರಿಯಾಗಿತ್ತು. ಅದನ್ನು ಈಚೆಗೆ ಎಳೆದುಕೊಂಡು, ಮೇಲೆ ನಿಂತು, ದೋಣಿಯೊಳಗೆ ಇಣುಕಿದಳು. "ಒಲೆ ಇದೆ. ಬಚ್ಚಲಿಲ್ಲೆ," ಎಂದು ಎಲ್ಲರಿಗೂ ವರದಿ ಕೊಟ್ಟಳು.

ಅದೇ ಹೊತ್ತಿಗೆ ದೋಣಿಯ ಮೇಲೆ ನಿಂತ ಚಾಂದ್ ಹಗ್ಗ ಜಗ್ಗಿದ. ಹಾಯಿ ಏರಿತು. ಗದ್ದೆಯ ಮೇಲಿನಿಂದ ಒಂದು ಗಾಳಿ ಬಂತು. ಹಾಯಿ ಸೇಠಜಿಯ ಹೊಟ್ಟೆಯಂತೆ ಉಬ್ಬಿತು, ಟ್ರೇಲರ್ ಒಮ್ಮೆ ಅಲುಗಿ, ಹೊರಟೇಬಿಟ್ಟಿತು.

"ಬ್ರೇಕ್ ಹಾಕಾ!" ಉಲ್ಲಾಸ ಕೂಗಿದ.

ಇಪ್ಪತ್ತೆರಡು ವರ್ಷ ಗಾಡಿ ಹೊಡೆದ ಚಾಂದ್‌ನ ಬಲಗಾಲು ತಾನಾಗಿ ಬ್ರೇಕ್ ತುಳಿಯಿತು. ಅಲ್ಲಿ ಬ್ರೇಕ್ ಇರಲಿಲ್ಲ. ಡೀಸೆಲ್ ಇಲ್ಲದೆ, ಸದ್ದಿಲ್ಲದೆ, ಗದ್ದೆಯ ಅಂಚುಗಳನ್ನು ಹಾರಿ ಹೋಗುವ ಆ ಹತ್ತು ಕ್ಷಣ ಅವನಿಗೆ ಭಯದ ಜೊತೆಗೆ ಖುಷಿಯೂ ಆಯಿತು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ. ಟ್ರೇಲರ್ ಹೊಂಡಕ್ಕೆ ಇಳಿದು ಮುಳುಗಿತು. ದೋಣಿ ಮಾತ್ರ ಅದರಿಂದ ಹಗುರವಾಗಿ ಎದ್ದು, ನೀರಿನ ಮೇಲೆ ಬಾತುಕೋಳಿಯಂತೆ ಕೂತು, ಆಚೆಯ ದಡಕ್ಕೆ ಮೆತ್ತಗೆ ಮೂತಿ ತಾಗಿಸಿ ನಿಂತಿತು.

ಇಪ್ಪತ್ತು ಜನರೂ ಓಡಿ ಬಂದು ದಂಡೆಯ ಮೇಲೆ ನಿಂತರು.

"ದೋಣಿನೇ ಹೌದಲಾ," ಎಂದ ಉಲ್ಲಾಸ. "ಮೊದಲೇ ಸರಿಯಾಗಿ ಹೇಳೂಕಾಗ್ತಿರ್ಲಿಲ್ವನಾ ನಿಂಗೆ?"

ಇನ್ನು ತಪ್ಪು ತಿದ್ದುವ ಉತ್ಸಾಹ ಎಲ್ಲರದು. ಟ್ರ್ಯಾಕ್ಟರ್ ಬಂತು. ಟ್ರೇಲರಿಗೆ ಹಗ್ಗ ಬಿಗಿಯಲು ಚಾಂದ್ ಕುತ್ತಿಗೆಮಟ್ಟ ನೀರಿಗೆ ಇಳಿದ. ಅತ್ತ ಬೈರ ನಾಲ್ಕು ಜನರನ್ನು ಕಟ್ಟಿಕೊಂಡು ಕಂಬ ಇಳಿಸಿದ. ದಂಡೆಯಿಂದ ಉಲ್ಲಾಸ ಬಗ್ಗಿ ಬಗ್ಗಿ ಏನೇನೋ ಕೇಳುತ್ತಿದ್ದ. ಹೊತ್ತು ಉಳಿಸಲು ಚಾಂದ್ ಎಲ್ಲದಕ್ಕೂ, "ಹೂಂ ಅಣ್ಣಾ, ಆಯ್ತು ಅಣ್ಣಾ, ಬೇಗ ಎಳೀರಿ," ಎಂದ. ಹನ್ನೆರಡೂವರೆಗೆ ದೋಣಿ ಟ್ರೇಲರಿನ ಮೇಲಿತ್ತು, ಕಂಬವನ್ನು ಬಿಗಿದಿದ್ದ ತಂತಿಗಳನ್ನು ಸುರುಳಿ ಸುತ್ತಿ ಒಳಗಿಟ್ಟಿದ್ದರು, ನೀಲಿ ಚೀಲವನ್ನು ಬಿಗಿಯಾಗಿ ಕಟ್ಟಿ ಹಿಂದಿನ ತುದಿಗೆ ಕೆಂಪು ಚಿಂದಿಯನ್ನೂ ಮರೆಯದೆ ಸಿಕ್ಕಿಸಿದ್ದರು. ನೇತ್ರಾ ಮಜ್ಜಿಗೆ ಕೊಟ್ಟಳು.

ಯಲ್ಲಾಪುರದಲ್ಲಿ ಮೂರು ಕಡೆ ಜನ ಕೈ ಅಡ್ಡ ಹಾಕಿದರು. ಚಾಂದ್ ಗಾಜು ಏರಿಸಿ, ಹಾರನ್ ಮೇಲೆ ಕೈಯಿಟ್ಟು ದಾಟಿದ.

ಕಾರವಾರದ ಕಡಲ ದಂಡೆ ಮುಟ್ಟಿದಾಗ ನಾಲ್ಕು ನಲವತ್ತು. ನಮಿತಾ ಓಡಿ ಬಂದಳು. "ಪಾಷಾ ಅವರೇ, ನೀವು ಬರೋದಿಲ್ಲ ಅಂದ್ಕೊಂಡಿದ್ದೆ!"

"ಒಂದು ಗೀರು ಬಿದ್ದಿದ್ರೆ ಕೇಳಿ ಮೇಡಂ," ಎಂದ ಚಾಂದ್. ನಿಜಕ್ಕೂ ಒಂದು ಗೀರೂ ಇರಲಿಲ್ಲ. ಮೂರನೆಯ ಅನಾಹುತ ಆಗಲೇ ಇಲ್ಲ. ಕೀಲಿ ಜೇಬಿನಲ್ಲಿ ಬೆಚ್ಚಗಿತ್ತು.

ಅಳತೆಯವನು ಟೇಪು ಹಿಡಿದು ಬಂದ. ದೋಣಿ ಅಳೆದ, ಗುರುತು ಹಾಕಿದ. ಚೀಲದ ಮೇಲಿಂದಲೇ ಕಂಬ ಅಳೆದ. "ಇಪ್ಪತ್ತನಾಲ್ಕು ಅಡಿ, ಸರಿಯಾಗಿದೆ. ಬಿಚ್ಚಿ, ಒಮ್ಮೆ ನೋಡ್ತೇನೆ."

ನಮಿತಾ ದಾರ ಬಿಚ್ಚಿ ಚೀಲ ಎಳೆದಳು. ಒಳಗಿನಿಂದ ಕಪ್ಪಗಿನ ಕಾರ್ಬನ್ ದೋಟಿ ಹೊರಬಂತು. ಚೀಲದ ಉದ್ದಕ್ಕೆ ಸರಿಯಾಗಿ ಎಳೆದು ಬಿಗಿದಿದ್ದರು. ತುದಿಯಲ್ಲಿ ಗೊನೆ ಕೊಯ್ಯುವ ಕತ್ತಿ ಸಂಜೆಯ ಬಿಸಿಲಿಗೆ ಹೊಳೆಯಿತು.

ಚಾಂದ್ ಉಲ್ಲಾಸನಿಗೆ ಫೋನ್ ಮಾಡಿದ.

"ನೀನೇ ಹೂಂ ಅಂದ್ಯಲಾ ಮಾರಾಯಾ," ಎಂದ ಉಲ್ಲಾಸ. "ದೋಣಿ ದೋಣಿನೇ ಇರ್ಲಿ, ಕಂಬ ದೋಟಿಗೆ ಆಗ್ತದನಾ ಎರಡು ದಿನ ಟ್ರಯಲ್ ನೋಡಿ ಕೊಡ್ತೇವೆ, ಬದ್ಲಿಗೆ ನಮ್ದು ತಗಂಡು ಹೋಗು ಅಂದೆ. ಹೊಸಾ ದೋಟಿನೇ ಇಟ್ಟು ಕಳಿಸಿದ್ದೇವೆ, ಮೋಸ ಮಾಡಿದ್ದಲ್ಲ. ನಿನ್ನ ಕಂಬ ಸ್ವಲ್ಪ ಭಾರ. ಬೈರ ಕತ್ತಿ ಕೂರ್ಸೂಕೆ ತುದಿಯಿಂದ ಎರಡು ಅಡಿ ಕೊಯ್ದ, ಈಗ ಅಡ್ಡಿಲ್ಲೆ."

ಫೋನಿನ ಸದ್ದು ದೊಡ್ಡದು. ನಮಿತಾಳಿಗೂ ಕೇಳಿಸಿತು. ಅವಳು ಕೂಗಾಡಲಿಲ್ಲ. ಕೈ ಚಾಚಿದಳು.

"ಗಾಡಿ ಕೀಲಿ ಕೊಡಿ."

"ಮೇಡಂ?"

"ನಿಮ್ಮ ಕಡೆ ಬದಲಿ ಇಡೋದು ಪದ್ಧತಿ ಅಲ್ವಾ? ಹೊಸ ಕಂಬ ತಂದು ಕೊಡಿ, ಗಾಡಿ ತಗೊಂಡು ಹೋಗಿ."

ಚಾಂದ್ ಕೀಲಿ ಕೊಟ್ಟ. ಮರಳಿನ ಮೇಲೆ ಕೂತ. ಅಷ್ಟರಲ್ಲಿ ಮೊಬೈಲ್ ರಿಂಗಾಯಿತು. ಫೈಜಲ್.

"ಚಾಚಾ!" ಅವನ ದನಿಯಲ್ಲಿ ಎಂದೂ ಇಲ್ಲದ ಪ್ರೀತಿ. "ಇದನ್ನ ನನ್ನಿಂದ ಯಾಕೆ ಮುಚ್ಚಿಟ್ರಿ? ಆಫೀಸಿನಲ್ಲಿ ಹದಿನೇಳು ಜನ ಕೂತಿದಾರೆ, ಫೋಟೋ ಹಿಡ್ಕೊಂಡು. ಎಲ್ಲರಿಗೂ ನಾಳೆ ಕೊಡ್ತೇನೆ ಅಂದಿದೇನೆ. ಬರುವಾಗ ಹದಿನೇಳು ದೋಟಿ ಹಾಕ್ಕೊಂಡು ಬನ್ನಿ. ಬಿಳೀ ತೊಟ್ಟಿ ಸಮೇತ."

"ಬೇಟಾ, ಅದು ದೋಟಿ..."

"ಖಾಲಿ ಗಾಡಿ ತಂದ್ರೋ, ಕೀಲಿ ಮೇಜಿನ ಮೇಲೆ!"

ಚಾಂದ್ ಪಾಷಾ ಜೇಬು ಮುಟ್ಟಿ ನೋಡಿಕೊಂಡ. ಇಡುವುದಕ್ಕೆ ಕೀಲಿಯೂ ಇರಲಿಲ್ಲ.