ಲಾರಿಯಲ್ಲಿ ಬಂದ ಮನೆಯೂ ನನ್ನ ಮನೆಯಾಕೆಯೂ

ನಾನು ಮೂರು ವರ್ಷ ಬೆವರು ಸುರಿಸಿ ಕಟ್ಟಿದ ಮನೆಯನ್ನು ಕೃಷ್ಣಾ ನದಿ ಮೂರೇ ದಿನದಲ್ಲಿ ಕರಗಿಸಿಬಿಟ್ಟಿತು. ಅದನ್ನು ಹೇಗೋ ನುಂಗಿಕೊಂಡೆ. ನದಿಯ ಜೊತೆ ಜಗಳಕ್ಕೆ ನಿಲ್ಲಲು ಆಗುತ್ತದೆಯೇ? ಆದರೆ ನನ್ನ ಹೆಂಡತಿ ಲಕ್ಷ್ಮಿಬಾಯಿ ಬೆಳಿಗ್ಗೆ ಶುರುಮಾಡಿ ಸಂಜೆಯೊಳಗೆ ಇನ್ನೊಂದು ಮನೆ ನಿಲ್ಲಿಸಿಬಿಟ್ಟಳಲ್ಲ, ಅದು ಮಾತ್ರ ಇನ್ನೂ ಗಂಟಲಿನಿಂದ ಕೆಳಗೆ ಇಳಿದಿಲ್ಲ.

ನಮ್ಮದು ರಾಯಬಾಗ ತಾಲೂಕಿನ ನದಿ ದಂಡೆಯ ಊರು. ಊರಿನಲ್ಲಿ ನನ್ನ ಮನೆಯ ಗೋಡೆ ಎಂದರೆ ಎರಡಡಿ ದಪ್ಪದ ಮಣ್ಣು. ಗೋಡೆ ಕಟ್ಟುವ ಗೌಂಡಿಯ ಕಣ್ಣಿನ ಮೇಲೆ ನಂಬಿಕೆ ಸಾಲದೆ ನಾನೇ ತೂಗುಗುಂಡು ಹಿಡಿದು ನಿಂತು ಕಟ್ಟಿಸಿದ್ದೆ. (ಗೋಡೆ ಸ್ವಲ್ಪ ವಾಲಿತ್ತು. ಅದು ತೂಗುಗುಂಡಿನ ತಪ್ಪು.) ಆ ವರ್ಷ ನೀರು ಬಂದಾಗ ಲಕ್ಷ್ಮಿಬಾಯಿ ಕೈಗೆ ಸಿಕ್ಕಷ್ಟು ಪಾತ್ರೆ, ಹಾಸಿಗೆ, ಗ್ಯಾಸ್ ಒಲೆ ಹೊತ್ತುಕೊಂಡು ನನ್ನನ್ನು ಊರಾಚೆಯ ಎತ್ತರಕ್ಕೆ ಎಳೆದು ತಂದಳು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಮನೆಯ ಜಾಗದಲ್ಲಿ ಒಂದು ದಿಬ್ಬ, ದಿಬ್ಬದ ಮೇಲೆ ನನ್ನ ತಲೆಬಾಗಿಲಿನ ಚೌಕಟ್ಟು. ನಾನು ಚೌಕಟ್ಟಿನ ಪಕ್ಕ ಕುಳಿತು ಬಹಳ ಹೊತ್ತು ಏಳಲಿಲ್ಲ. ಲಕ್ಷ್ಮಿಬಾಯಿಯೂ ಏನೂ ಅನ್ನದೆ ಪಕ್ಕದಲ್ಲೇ ಕುಳಿತಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಏನೂ ಅನ್ನದೆ ಇದ್ದದ್ದು ಅದೊಂದೇ ದಿನ.

ಆಮೇಲೆ ಇಪ್ಪತ್ತಾರು ದಿನ ನಮ್ಮ ವಾಸ ಪರಿಹಾರ ಶಿಬಿರವಾಗಿದ್ದ ಶಾಲೆಯ ಏಳನೆಯ ತರಗತಿಯ ಕೋಣೆಯಲ್ಲಿ, ಇನ್ನೂ ಮೂರು ಕುಟುಂಬಗಳ ಜೊತೆ. ನಮ್ಮದು ಜೈನ ಮನೆತನ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಶಿಬಿರದ ಅಡುಗೆ ಮಾತ್ರ ಯಾವತ್ತೂ ಹೊತ್ತು ಮುಳುಗಿದ ಮೇಲೆಯೇ ತಯಾರಾಗುತ್ತಿತ್ತು. ಕೋಣೆಯಲ್ಲಿ ಸ್ವಂತ ಒಲೆ ಹಚ್ಚಲು ಬಿಡುತ್ತಿರಲಿಲ್ಲ. ಹೀಗಾಗಿ ನಾವಿಬ್ಬರೂ ಮಧ್ಯಾಹ್ನದ ರೊಟ್ಟಿಯ ಮೇಲೆ ದಿನ ದೂಡುತ್ತಿದ್ದೆವು.

ಅಷ್ಟರಲ್ಲಿ ಯಾವುದೋ ಸಂಸ್ಥೆಯವರು ಬಂದರು. ರಾಯಬಾಗದ ರಸ್ತೆಗೆ ಹತ್ತಿಕೊಂಡಿರುವ, ದನ ಮೇಯುವ ಎತ್ತರದ ಬಯಲಿನಲ್ಲಿ ನಮಗೆ ಮನೆ ನಿಲ್ಲಿಸಿಕೊಡಲು ಸಾಲಾಗಿ ಕಾಂಕ್ರೀಟಿನ ಕಟ್ಟೆಗಳನ್ನು ಹಾಕಿಸಿದರು. ಅವರ ಎಂಜಿನಿಯರ್ ನಿಪ್ಪಾಣಿ ಕಡೆಯ ವಿಕ್ರಾಂತ ಎಂಬ ಹುಡುಗ. ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದ.

"ಕಾಕಾ, ಉದ್ಯಾ ತುಮಚಾ ನಂಬರ್. ನಾಳೆ ನಿಮ್ಮ ಮನಿ ಲಾರ್‍ಯಾಗ ಬರ್ತೈತಿ" ಎಂದ.

ಲಾರಿಯಲ್ಲಿ ಕಬ್ಬು ಬರುವುದು ಗೊತ್ತು, ಮದುವೆ ದಿಬ್ಬಣ ಬರುವುದೂ ಗೊತ್ತು. ಮನೆ ಬರುವುದನ್ನು ನಾನು ಕಂಡವನಲ್ಲ; ಬೇರೆಯವರ ಮನೆ ಏಳುತ್ತಿದ್ದ ದಿನಗಳಲ್ಲಿ ನಾನು ಆ ಬಯಲಿನ ಕಡೆ ಹೋಗಿರಲಿಲ್ಲ. ಮರುದಿನ ಬೆಳಗಾಗುತ್ತಲೇ ಹೋಗಿ ನಿಂತೆ. ಲಾರಿ ಬಂತು. ಅದರಲ್ಲಿ ಹಪ್ಪಳದ ಹಾಗೆ ಒಂದರ ಮೇಲೊಂದು ಒಟ್ಟಿದ ಬಿಳಿ ಹಲಗೆಗಳು, ಒಂದು ಕಟ್ಟು ಕಬ್ಬಿಣದ ಕಂಬ, ಒಂದು ಚೀಲ ಬೋಲ್ಟು.

"ಗೋಡಿ ಎಲ್ಲದಾವಪಾ?" ಎಂದೆ.

"ಅಲ್ಲೇ ಮಲಗ್ಯಾವಲ್ರಿ ಕಾಕಾ, ಎಬ್ಬಿಸೂದೊಂದ ಬಾಕಿ."

ಒಂದು ಹಲಗೆಯನ್ನು ಬಡಿದು ನೋಡಿದೆ. ಬುಡ್ ಬುಡ್ ಎಂದಿತು. ಎರಡು ತಗಡಿನ ನಡುವೆ ಹಗುರಾದ ಫೋಮ್, ಅಂಗೈಯಷ್ಟೂ ದಪ್ಪವಿಲ್ಲ. ಎರಡಡಿ ಗೋಡೆಯ ಒಡೆಯನಾಗಿದ್ದ ನನಗೆ ಸಿಟ್ಟು ನೆತ್ತಿಗೇರಿತು.

"ಇದ ಮನೀ ಅಲ್ಲ, ಡಬ್ಬಿ! ಒಂದ ಗಾಳಿ ಬಂದ್ರ ಹಾರಿ ಹಾರೂಗೇರಿಗೆ ಹೋಗಿ ಬೀಳ್ತೈತಿ!"

"ಬೀಳಲೇಳ್ರಿ" ಎಂದಳು ಲಕ್ಷ್ಮಿಬಾಯಿ. "ಹಾರೂಗೇರ್‍ಯಾಗ ದೊಡ್ಡ ಬಜಾರ ಐತಿ. ಸಂತಿ ಮಾಡ್ಕೊಂಡ ಬರಾಕ ಹಗುರಾತು."

ಅಷ್ಟರಲ್ಲಿ ವಿಕ್ರಾಂತ ಮುಖ ಸಣ್ಣ ಮಾಡಿಕೊಂಡು ಬಂದ. ಅವನ ನಾಲ್ವರು ಕೆಲಸಗಾರರಲ್ಲಿ ಮೂವರಿಗೆ ಜ್ವರ. ಇನ್ನು ನಾಲ್ಕು ದಿನ ನಮ್ಮ ಸರದಿ ಮುಂದಕ್ಕೆ.

ನಾನು ಒಳಗೊಳಗೇ ಹಿಗ್ಗಿದೆ. ಲಕ್ಷ್ಮಿಬಾಯಿ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮುಂದಕ್ಕ ಗಿಂದಕ್ಕ ಇಲ್ಲ. ಹನ್ನೆರಡ ದಿವಸದಿಂದ ನಿಮ್ಮ ಮಂದಿ ಕಟ್ಟೂದು ನೋಡಾಕತ್ತೀನಿ. ಮೊದಲ ಮೂಲಿ ಕಂಬ, ಆಮ್ಯಾಲ ಅಡ್ಡಪಟ್ಟಿ, ಆಮ್ಯಾಲ ನಂಬರ್ ನೋಡಿ ಗೋಡಿ. ಹೌದಿಲ್ಲ? ಇವತ್ತ ಹೊತ್ತ ಮುಳುಗೂದರಾಗ ನನ್ನ ಒಲಿ ಹೊತ್ತಬೇಕು. ಸೋನಾಬಾಯಿ, ಬಾರವಾ!"

ಸೋನಾಬಾಯಿ ನಮ್ಮ ಕೋಣೆಯಲ್ಲೇ ಇದ್ದ ಪಕ್ಕದ ಓಣಿಯವಳು. ಅವಳು ಬಂದಳು, ಅವಳ ಹಿಂದೆ ಇನ್ನೂ ನಾಲ್ವರು ಹೆಂಗಸರು. ವಿಕ್ರಾಂತ ಬೋಲ್ಟಿನ ಚೀಲವನ್ನೂ ಬೋಲ್ಟು ಬಿಗಿಯುವ ಪಾನಾವನ್ನೂ ಲಕ್ಷ್ಮಿಬಾಯಿಯ ಕೈಗೆ ಕೊಟ್ಟ.

ಮುಂದೆ ನಡೆದದ್ದನ್ನು ನನ್ನ ಕಣ್ಣಿನಿಂದಲೇ ನೋಡಿದೆ, ಆದರೂ ನಂಬುವುದು ಕಷ್ಟ. ಹತ್ತು ಗಂಟೆಗೆ ಕಟ್ಟೆ ಬರಿದಾಗಿತ್ತು. ಹನ್ನೊಂದಕ್ಕೆ ನಾಲ್ಕು ಕಂಬ ಎದ್ದವು. ತೂಗುಗುಂಡು ಇಲ್ಲ, ದಾರ ಇಲ್ಲ, ಗೌಂಡಿ ಇಲ್ಲ. ಆದರೂ ದೇವರು ಗೆರೆ ಎಳೆದಷ್ಟು ನೆಟ್ಟಗೆ! ಒಂದೂವರೆಗೆ ಸೋನಾಬಾಯಿ ನೆರಳಿನಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು. ಯಾವುದರ ನೆರಳು ಎಂದು ತಲೆ ಎತ್ತಿದರೆ, ನನ್ನ ಪಡುವಣ ಗೋಡೆಯದು. ನನ್ನ ಧರ್ಮಪತ್ನಿ ಮೂಡಣ ಗೋಡೆಯ ಒಂದು ತುಂಡನ್ನು ಮೊರ ಹಿಡಿದಂತೆ ಕಂಕುಳಲ್ಲಿ ಇಟ್ಟುಕೊಂಡು, ನಡುದಾರಿಯಲ್ಲಿ ನಿಂತು ಯಾರನ್ನೋ ಮಾತಾಡಿಸುತ್ತಿದ್ದಳು. ಗೋಡೆ ಕಂಕುಳಲ್ಲಿ, ಮಾತು ಬಾಯಲ್ಲಿ! ನಾನು ಆ ಅಳತೆಯ ಗೋಡೆಗೆ ಎರಡು ಬೇಸಿಗೆ ಮಣ್ಣು ಹೊತ್ತಿದ್ದೆ.

ಮೂರು ಗಂಟೆಗೆ ಮೇಲಿನ ತಗಡೂ ಕೂತಿತು. ಬಾಗಿಲು ಮಾತ್ರ ಬಂದಿರಲಿಲ್ಲ, ಇನ್ನೊಂದು ಲಾರಿಯಲ್ಲಿತ್ತು. ಅದನ್ನು ಹುಡುಕಿ ತರಲು ವಿಕ್ರಾಂತ ಬೈಕ್ ಹತ್ತಿದ. ಹೊರಡುವಾಗ ಪಶ್ಚಿಮದ ಮೋಡ ನೋಡಿ, "ಕಾಕು, ಗಾಳಿ ಒಳಗ ಹೊಕ್ಕರ ತಗಡ ಎತ್ತತೈತಿ. ಬಾಗಿಲಿನ ಸಂದಿಗೆ ಉಳಿದದ್ದೊಂದ ಪ್ಯಾನೆಲ್ ಹಚ್ರಿ" ಎಂದು ಲಕ್ಷ್ಮಿಬಾಯಿಗೆ ಕೂಗಿ ಹೇಳಿದ.

ಲಕ್ಷ್ಮಿಬಾಯಿ ಹಗ್ಗ ತಂದಳು. "ಹೊರಗಿಂದ ಕಟ್ಟಿಬಿಡೋಣ."

ಬೆಳಗಿನಿಂದ ಸುಮ್ಮನೆ ನಿಂತಿದ್ದ ನನ್ನ ಗಂಡಸುತನ ಆಗ ಎಚ್ಚರವಾಯಿತು. "ಹಗ್ಗ ಕಟ್ಟಾಕ ಇದೇನ ಹುಲ್ಲಿನ ಬಣವೀನ? ಕೆಲಸ ಮಾಡಿದ್ರ ಪಕ್ಕಾ ಮಾಡಬೇಕು. ತಾ ಇಲ್ಲಿ ಪಾನಾ!" ಎಂದು ಪಾನಾ ಕಸಿದುಕೊಂಡು ಒಳಗೆ ಹೋದೆ. ಹೆಂಗಸರು ಹೊರಗಿನಿಂದ ಪ್ಯಾನೆಲ್ ಒತ್ತಿ ಹಿಡಿದರು. ನಾನು ಒಳಗಿನಿಂದ ಒಂದೊಂದೇ ಬೋಲ್ಟನ್ನು, ಹಲ್ಲು ಕಚ್ಚಿ, ಭೀಮಸೇನನ ಹಾಗೆ ಬಿಗಿದೆ. ಆರೂ ಬೋಲ್ಟು ಬಿಗಿದು, ಬೆವರು ಒರೆಸಿಕೊಂಡು, "ಹೆಂಗ ಆತು?" ಎಂದೆ.

"ಪಕ್ಕಾ ಆತ್ರಿ" ಎಂದಳು ಸೋನಾಬಾಯಿ ಹೊರಗಿನಿಂದ. ಆಮೇಲೆ, "ಭೂಪಾಲಣ್ಣಾರ, ನೀವು ಹೊರಗ ಹೆಂಗ ಬರ್ತೀರಿ?" ಎಂದಳು.

ನಾನು ಸುತ್ತ ನೋಡಿದೆ. ನಾಲ್ಕೂ ಕಡೆ ಗೋಡೆ. ಇದ್ದ ಒಂದೇ ಕಿಟಕಿಗೆ ಕಬ್ಬಿಣದ ಸರಳು.

ನನ್ನ ಕೂಗಿಗೆ ಅರ್ಧ ಶಿಬಿರ ನೆರೆಯಿತು. ಅಷ್ಟರಲ್ಲಿ ಮಳೆ ಬಂದು ಎಲ್ಲರೂ ಓಡಿದರು, ನಾನೊಬ್ಬ ಓಡಲಿಲ್ಲ. ತಗಡಿನ ಮೇಲೆ ಮಳೆ ಸಾವಿರ ತಮಟೆ ಬಾರಿಸಿದಂತೆ ಬಾರಿಸಿತು. ಗಾಳಿ ಗೋಡೆಗೆ ಗುದ್ದಿತು. ಈಗ ಹಾರುತ್ತದೆ ಎಂದು ಕಿಟಕಿಯ ಸರಳು ಹಿಡಿದುಕೊಂಡೆ. ಹಾರಲಿಲ್ಲ, ಅಲುಗಲೂ ಇಲ್ಲ. ಸೂರು ಎಲ್ಲಿ ಸೋರುತ್ತದೆಂದು ಮೂಲೆ ಮೂಲೆ ಹುಡುಕಿದೆ. ನನ್ನ ಹಳೆಯ ಮನೆಯಲ್ಲಿ ಮಳೆಗಾಲವೆಂದರೆ ಐದು ಪಾತ್ರೆ, ಐದು ಜಾಗ. ಇಲ್ಲಿ ಒಂದು ಹನಿ ಇಲ್ಲ. ಕೊನೆಗೆ ನೆಲದ ಮೇಲೆ ಕುಳಿತು ಸಂದು ಸಂದು ನೋಡಿದೆ. ಬೆಳಿಗ್ಗೆ ಲಾರಿಯಲ್ಲಿ ಮಲಗಿದ್ದ ಹಪ್ಪಳಗಳು ಈಗ ಮನೆ. ನಿಜವಾದ ಮನೆ. ನನಗೆ ಯಾಕೋ ಕಣ್ಣು ತುಂಬಿ ಬಂತು. (ಕಬ್ಬಿಣದ ಪುಡಿ ಬಿದ್ದಿರಬೇಕು.)

ಮಳೆ ನಿಂತಿತು. ಹೊರಗೆ ಕಟ್ಟೆಯ ಅಂಚಿನಲ್ಲಿ ಒಲೆಯ ಸದ್ದು, ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಬಿಸಿಲು ಕೆಂಪಾಗುತ್ತಿತ್ತು.

"ಲಕ್ಷ್ಮೀ! ಹೊತ್ತ ಮುಳುಗಾಕತ್ತೈತಿ, ನನಗ ಹಸಿವಿ!"

ಸರಳಿನ ಸಂದಿಯಿಂದ ಎರಡು ಬಿಸಿ ರೊಟ್ಟಿ ಸುರುಳಿಯಾಗಿ ಒಳಗೆ ಬಂದವು, ನಡುವೆ ಕಡಲೆ ಹಿಟ್ಟಿನ ಪಲ್ಯ. ಇಪ್ಪತ್ತಾರು ದಿನದ ಮೇಲೆ ಹೆಂಡತಿಯ ಕೈಯ ಬಿಸಿ ರೊಟ್ಟಿ. ನಾನು ಪಾನಾವನ್ನು ಬಗಲಲ್ಲಿ ಸಿಕ್ಕಿಸಿಕೊಂಡು, ಕಿಟಕಿಯ ಬಳಿ ನಿಂತೇ ತಿಂದೆ. ಹುಡುಗರು ಮೃಗಾಲಯಕ್ಕೆ ಬಂದವರ ಹಾಗೆ ಎದುರು ಸಾಲುಗಟ್ಟಿ ನಿಂತಿದ್ದರು.

ಅಷ್ಟರಲ್ಲಿ ವಿಕ್ರಾಂತ ಬರಿಗೈಯಲ್ಲಿ ಬಂದ. "ಬಾಗಿಲ ನಾಳೆ ಬರ್ತೈತ್ರಿ" ಎಂದ. ನಾನು ಸರಳು ಹಿಡಿದು ಒದರಿದೆ: "ನಾಳೆತನಕ ನಾ ಇದರಾಗ ಇರಬೇಕೇನೋ? ಲಕ್ಷ್ಮೀ, ಏನರ ಮಾಡ!"

ಲಕ್ಷ್ಮಿಬಾಯಿ ಕೈಗಂಟಿದ ಹಿಟ್ಟು ಒರೆಸಿಕೊಳ್ಳುತ್ತ ಕಿಟಕಿಗೆ ಬಂದಳು.

"ಬೋಲ್ಟ್ ಯಾವ ಕಡೆ ಅದಾವ್ರಿ?"

"ಒಳಗ."

"ಬಿಗಿದವರು ಯಾರು?"

"ನಾನ."

"ನಿಮ್ಮ ಬಗಲಾಗ ಏನೈತಿ?"

ನಾನು ಬಗಲು ನೋಡಿಕೊಂಡೆ. ಪಾನಾ! ಶಿಬಿರದಲ್ಲಿ ಎದ್ದ ನಗು ನದಿಯ ಆಚೆ ದಂಡೆಗೂ ಕೇಳಿಸಿರಬೇಕು.

"ಕಾಕು, ನಿಮಗ ಮೊದಲ ಗೊತ್ತಿತ್ತೇನ್ರಿ?" ಎಂದ ವಿಕ್ರಾಂತ, ಹೊಟ್ಟೆ ಹಿಡಿದುಕೊಂಡು.

"ಗೊತ್ತಿತ್ತಪಾ. ಮುಂಜಾನಿಂದ ಹೊರಗ ನಿಂತ ಡಬ್ಬಿ ಡಬ್ಬಿ ಅನ್ನಾಕತ್ತಿದ್ರು. ಒಳಗ ಕುಂತ ಒಮ್ಮೆ ನೋಡ್ಲಿ ಅಂತ ಬಿಟ್ಟೆ." ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು: "ಹೆಂಗೈತ್ರಿ ಮನಿ?"

"ಚಲೋ ಐತಿ" ಎಂದೆ. ಬಗಲಿನ ಪಾನಾ ಕೈಗೆ ತೆಗೆದುಕೊಂಡೆ. ಬೋಲ್ಟು ಬಿಚ್ಚತೊಡಗಿದೆ. ಭೀಮಸೇನನ ಬಲದಿಂದ ಬಿಗಿದಿದ್ದೆನಲ್ಲ, ಆರು ಬೋಲ್ಟು ಬಿಚ್ಚುವಷ್ಟರಲ್ಲಿ ಹೊತ್ತು ಪೂರ್ತಿ ಮುಳುಗಿತ್ತು.

ಮರುದಿನದಿಂದ ಲಕ್ಷ್ಮಿಬಾಯಿ ಹಳದಿ ಹೆಲ್ಮೆಟ್ ಹಾಕಿಕೊಂಡು ಶಿಬಿರದ ಉಳಿದ ಮನೆಗಳನ್ನು ನಿಲ್ಲಿಸಲು ಹೊರಟಳು. ಇನ್ನೂ ಮೂವತ್ತೆಂಟು ಮನೆ ಬಾಕಿ ಇದ್ದವು. ಆ ಮೂವತ್ತೆಂಟರಲ್ಲಿ ಪ್ರತಿಯೊಂದಕ್ಕೂ ಕೊನೆಯ ಪ್ಯಾನೆಲ್ ಹಚ್ಚುವ ಮುಂಚೆ ಕೆಲಸ ನಿಲ್ಲುತ್ತಿತ್ತು. ಸೋನಾಬಾಯಿ ಎರಡೂ ಕೈ ಬಾಯಿಗೆ ಹಿಡಿದು, ಇಡೀ ಬಯಲಿಗೆ ಕೇಳುವಂತೆ ಕೂಗುತ್ತಿದ್ದಳು:

"ಭೂಪಾಲಣ್ಣಾರು ಹೊರಗದಾರೇನ್ರಿ?"

ನಾನು ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಎದ್ದು ನಿಂತು ಕೈ ಎತ್ತಿ ಉತ್ತರ ಕೊಡಬೇಕಿತ್ತು. ಇಲ್ಲದಿದ್ದರೆ ನನ್ನ ಹೆಂಡತಿ ಬೋಲ್ಟು ಬಿಗಿಯಲು ಬಿಡುತ್ತಿರಲಿಲ್ಲ.