ಭಾಲ್ಕಿಯಲ್ಲಿ ಹಾರಿದ ಕಳ್ಳಿ

ನಮ್ಮ ಬೀದರು ಮೈಸೂರು ರಾಜ್ಯಕ್ಕೆ ಸೇರಿದಾಗ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ ಇರಬೇಕು. ಬೋರ್ಡುಗಳೆಲ್ಲ ಕನ್ನಡಕ್ಕೆ ತಿರುಗಬೇಕಿತ್ತು. ನಾನು ಬೋರ್ಡು ಬರೆಯುವ ಪೇಂಟರ್! ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟರೂ ಇಪ್ಪತ್ತು ವರ್ಷ ಉರ್ದು ಬೋರ್ಡು ಬರೆದ ಕೈ. ಕನ್ನಡದ ದುಂಡಕ್ಷರ ಒಂದೇ ತಿಂಗಳಲ್ಲಿ ಪಳಗಿಸಿಕೊಂಡೆ.

ಭಾಲ್ಕಿಯ ಒಂದು ಶಾಲೆಯ ಹೆಡ್‌ಮಾಸ್ತರರು ಕರೆಸಿದರು.

“ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ಲಿಕತ್ತಾರ. ಒಂದು ಹೋಲಿಕಿ ನಕ್ಷಾ ಬರ್ದು ಕೊಡ್ರಿ. ಅವರ ಮನಸಿಗಿ ಬಂತಂದ್ರ ತಾಲೂಕಿನ ಸಾಲಿ ಬೋರ್ಡೆಲ್ಲಾ ನಿಮಗೇ!”

ಅವರು ಕೊಟ್ಟ ಚೀಟಿಯಲ್ಲಿ ಮೊದಲು ಪಾಪಾಸುಕಳ್ಳಿ, ಆಮೇಲೆ ಅಮೆರಿಕದ ಝೇಂಕಾರದ ಹಕ್ಕಿ. ಮೇಲೆ ಹೆಸರಿನೊಂದಿಗೆ ಎರಡರ ಚಿತ್ರ, ಕೆಳಗೆ ಎರಡರ ಗುಣ.

“ಕಳ್ಳಿಗಿ ಹಕ್ಕಿಗಿ ಏನ್ ಹೋಲಿಕಿ ರಿ?” ಎಂದಳು ಹೆಂಡತಿ ಗುರಮ್ಮ.

“ಆ ಹಕ್ಕಿ ಕಳ್ಳಿ ಹೂವಿನ ರಸಾ ಕುಡಿತದಂತ.”

“ಹಂಗಾದ್ರ ನಮ್ಮಿಬ್ಬರ ಚಿತ್ರಾನೇ ತೆಗೀರಿ. ಮುಳ್ಳು ನಿಮ್ಮ ಮಾರಿ ಮ್ಯಾಲೇ ಅವ!”

ಗಡ್ಡ ಹೆರೆಯಲೂ ಪುರುಸೊತ್ತಿಲ್ಲದೆ ಮೂರು ದಿನ ದುಡಿದೆ.

ಆ ದಿನ ಇನ್‌ಸ್ಪೆಕ್ಟರರು ಮಕ್ಕಳೆದುರು ನಕ್ಷೆಯನ್ನು ಗಟ್ಟಿಯಾಗಿ ಓದತೊಡಗಿದರು. ನಾನು ಎದೆ ಉಬ್ಬಿಸಿ ನಿಂತೆ.

“ಝೇಂಕಾರದ ಹಕ್ಕಿ. ಮೈತುಂಬ ಮುಳ್ಳು. ಆಡು ಹತ್ತಿರ ಸುಳಿಯದು. ಮುರಿದು ನೆಟ್ಟರೆ ಚಿಗುರುತ್ತದೆ.”

ಮಕ್ಕಳು ಬಾಯಿ ಮುಚ್ಚಿಕೊಂಡರು.

“ಪಾಪಾಸುಕಳ್ಳಿ. ಹೆಬ್ಬೆರಳಿನ ಗಾತ್ರ. ಹಿಂದಕ್ಕೂ ಹಾರಬಲ್ಲದು!”

ಮುಚ್ಚಿದ ಬಾಯಿಗಳೆಲ್ಲ ಒಟ್ಟಿಗೇ ನಕ್ಕುಬಿಟ್ಟವು.

“ಏನಯ್ಯಾ, ನಮ್ಮ ಮೈಸೂರಲ್ಲಿ ಕಳ್ಳಿ ಬೇಲಿಯಲ್ಲೇ ಇರುತ್ತೆ. ನಿಮ್ಮ ಕಡೆ ಹಾರುತ್ತೇನು?”

ತಪ್ಪು ಆಗಲೇ ಹೊಳೆಯಿತು. ಉರ್ದು ಬಲಗಡೆಯಿಂದ ಶುರುವಾಗುವ ಬರಹ. ಹಳೆಯ ರೂಢಿಯಂತೆ ಕೈ ಮೊದಲನೆಯ ಚಿತ್ರವನ್ನು ಬಲಕ್ಕೆ ಬರೆದಿತ್ತು. ಹೊಸ ವಿದ್ಯೆಯಂತೆ ಮೊದಲನೆಯ ಗುಣಗಳನ್ನು ಎಡಕ್ಕೆ ಬರೆದಿತ್ತು. ಕಳ್ಳಿಯ ಮುಳ್ಳೆಲ್ಲ ಹಕ್ಕಿಗೆ!

ಆದರೆ ಸೋಲೊಪ್ಪುವ ಕುಳ ನಾನಲ್ಲ.

“ಸಾಹೇಬ್ರ, ಚಿತ್ರಾ ಬಲಗಡಿಂದ ನೋಡ್ರಿ, ಅಕ್ಷರ ಎಡಗಡಿಂದ ಓದ್ರಿ. ಎಲ್ಲಾ ಬರೋಬ್ಬರಿ ಅದ ರಿ!”

ಇನ್‌ಸ್ಪೆಕ್ಟರರು ನಗುತ್ತ ನಗುತ್ತ ಕುರ್ಚಿ ಹಿಡಿದು ಕುಳಿತರು. ಕಣ್ಣೊರೆಸಿಕೊಂಡು ಹೆಡ್‌ಮಾಸ್ತರರಿಗೆ ಹೇಳಿದರು: “ಅಕ್ಷರ ಮುತ್ತಿನ ಹಾಗಿದೆ ಕಣ್ರೀ. ಬೋರ್ಡು ಇವನ ಕೈಲೇ ಬರೆಸಿ.”

ಗೆದ್ದೆ! ಅಲ್ಲೇ ನಿಂತು ಮೊದಲನೆಯ ಬೋರ್ಡು ಬರೆದೆ: ‘ಶಾಲೆಗೆ ದಾರಿ’. ದಾರಿ ತೋರಿಸುವ ಬಾಣ ಬರೆಯಲು ಕುಂಚ ಎತ್ತಿದೆ.

ಹೆಡ್‌ಮಾಸ್ತರರು ಓಡಿ ಬಂದು ನನ್ನ ಕೈ ಹಿಡಿದರು. ಬಾಣವನ್ನು ಅವರೇ ಬರೆದರು!