ಪರಿಸರದ ಪಾಠ, ಕೊನೇ ರಿವಿಜನ್

ಪರಿಸರದ ಪಾಠ ಭಾಳ ಸಸಾರ ಅಂತ ಎಲ್ಲಾರೂ ತಿಳಕೊಂಡಾರ. ಅದಕ್ಕ ಅದರ ರಿವಿಜನ್ ಯಾವಾಗಲೂ ಪರೀಕ್ಷಾ ಮಾರಿಮ್ಯಾಲೆ ಬಂದಾಗ ನನ್ನ ಕೊರಳಿಗೆ ಬೀಳತದ, ವರ್ಷಾ ಒಂದಿಲ್ಲೊಂದು ಫಜೀತಿನೂ ಆಗ್ತದ. ನಾನು ಧಾರವಾಡದಾಕಿ. ಪುಣೆದಾಗ ಒಂದು ಕನ್ನಡ ಶಾಲ್ಯಾಗ ಹತ್ತನೇ ವರ್ಗಕ್ಕ ವಿಜ್ಞಾನ ಕಲಸ್ತೀನಿ.

ಈ ಸಲದ ಫಜೀತಿ ಎಲ್ಲಾ ಕಡೇ ಬೆಂಚಿನ ಒಬ್ಬ ಹುಡುಗಿ ತಂದಿಟ್ಟದ್ದು. ಪ್ರಿಲಿಮ್ ಪರೀಕ್ಷಾದಾಗ ಬಾಕಿ ಎಲ್ಲಾ ಪಾಸ್, ವಿಜ್ಞಾನ ಅಷ್ಟ ಫೇಲ್. ಬೋರ್ಡಿನ್ಯಾಗ ಪಾಸಾದ್ರ ಐಟಿಐ ಸೇರಿ ಎಲೆಕ್ಟ್ರಿಶಿಯನ್ ಆಗಾಕಿ, ಇಲ್ಲಾಂದ್ರ ಅವ್ವನ ಜೋಡಿ ಮಂದಿ ಮನಿ ಭಾಂಡಿ ತಿಕ್ಕಾಕಿ. ಹುಡುಗಿ ಶ್ಯಾಣ್ಯಾಕಿನ. ಖೋಡಿ ಅಂದ್ರ ಒಂದ, ಪುಸ್ತಕದಾಗ ಇದ್ದದ್ದು ಬಿಟ್ಟು ಕಣ್ಣಿಗೆ ಕಂಡದ್ದು ಬರೀತಿದ್ದಳು.

೧. ಎರಡು ಡಬ್ಬಿ

ಹಸಿ ಕಸ, ಒಣ ಕಸ ಹ್ಯಾಂಗ ಬ್ಯಾರೆ ಮಾಡಬೇಕು ಅಂತ ಪ್ರಶ್ನೆ ಕೊಟ್ಟಿದ್ದೆ. ಆಕಿ ಬರದಿದ್ದಳು: ‘ಹಸಿ ಕಸವನ್ನು ಹಸಿರು ಡಬ್ಬಿಗೆ, ಒಣ ಕಸವನ್ನು ನೀಲಿ ಡಬ್ಬಿಗೆ ಹಾಕಬೇಕು. ಸಂಜೆ ಎರಡನ್ನೂ ಒಂದೇ ಚೀಲಕ್ಕೆ ಸುರಿಯಬೇಕು.’

‘ಕಡೀದು ಯಾವ ಪುಸ್ತಕದಾಗ ಅದ ವಾ?’ ಅಂದೆ.

ಆಕಿ ಖಿಡಕಿ ಕಡೆ ಕೈ ಮಾಡಿದಳು. ಹೊರಗ ನಮ್ಮ ಶಾಲಿ ಸಿಪಾಯಿ ಎರಡೂ ಡಬ್ಬಿ ಒಂದ ಚೀಲದಾಗ ಬೋರಲು ಹಾಕಲಿಕ್ಕತ್ತಿದ್ದ. ಇಡೀ ವರ್ಗ ಎದ್ದು ನಿಂತು ನೋಡ್ತು. ‘ಹಿಂಗ್ಯಾಕಪಾ?’ ಅಂತ ನಾನೂ ಕೇಳಿದೆ.

‘ಡಬ್ಬಿ ತಪಾಸಣಿ ಸಾಹೇಬ್ರಿಗರೀ ಅಕ್ಕೋರ, ಚೀಲ ನನಗ,’ ಅಂದ.

೨. ಆಹಾರ ಸರಪಳಿ

ಹುಲ್ಲು, ಮಿಡತಿ, ಕಪ್ಪಿ, ಹಾವು, ಹದ್ದು. ನಮ್ಮ ಅಜ್ಜನ ಕಾಲದಿಂದ ಇದ ಸರಪಳಿ. ಈಕಿ ಬರದದ್ದು: ವಡಾಪಾವಿನ ಚೂರು, ಇಲಿ, ಬೆಕ್ಕು. ಅಲ್ಲಿಗೆ ಮುಗೀತು.

‘ಬೆಕ್ಕಿನ ಮ್ಯಾಲೆ ಯಾರೂ ಇಲ್ಲೇನು?’

‘ಇಲ್ಲರೀ. ಅದಕ್ಕ ಹೆಡ್‌ಮಾಸ್ತರು ದಿನಾ ಬಿಸ್ಕೀಟ ಹಾಕ್ತಾರ.’

‘ಕಪ್ಪಿ ಯಾಕ ಬಿಟ್ಟಿ?’ ಅಂತ ಜಬರಿಸಿದೆ. ಆಕಿ ಸಾವಕಾಶ ಕೇಳಿದಳು, ‘ಅಕ್ಕೋರ, ನೀವು ಕಪ್ಪಿ ಕಡೀಕ ಯಾವಾಗ ನೋಡೀರಿ?’

ನಾನು ಯೋಚನಿ ಮಾಡಿದೆ. ಲಗ್ನ ಆಗಿ ಪುಣೆದ ಸ್ವಾರಗೇಟ ಸ್ಟ್ಯಾಂಡಿನ್ಯಾಗ ಬಸ್ಸಿಳದಾಗಿಂದ ಒಂದೂ ನೋಡಿದ ನೆನಪಿಲ್ಲ. ಮಕ್ಕಳೆಲ್ಲಾ ನನ್ನ ಮಾರಿನ ನೋಡಲಿಕ್ಕತ್ತಿದ್ದವು. ‘ಆ ಪ್ರಶ್ನೆ ಪರೀಕ್ಷಾಕ್ಕ ಬರೂದಿಲ್ಲ,’ ಅಂತ ಹೇಳಿ ಪುಟ ತಿರುವಿದೆ.

೩. ಮರುಬಳಕೆ

ಮರುಬಳಕೆಗೆ ಒಂದು ಉದಾಹರಣೆ ಕೊಡಿ. ಹಳೇ ಬಾಟಲಿ, ಹಳೇ ಸೀರಿ, ಏನಾದ್ರೂ ಬರೀಬಹುದಿತ್ತು. ಈಕಿ ಬರದಳು: ‘ನಮ್ಮ ಶಾಲೆಯ ಸಸಿ ನೆಡುವ ತಗ್ಗು. ಪ್ರತಿ ವರ್ಷ ಪರಿಸರ ದಿನಕ್ಕೆ ಅದೇ ತಗ್ಗು, ಅದೇ ಸಲಿಕೆ. ಸಸಿ ಮತ್ತು ಅತಿಥಿ ಮಾತ್ರ ಹೊಸಬರು.’

ಆ ಪೇಪರ್ ಹೆಡ್‌ಮಾಸ್ತರ ಕೈಗೆ ಹ್ಯಾಂಗ ಹೋತೋ ದೇವರಿಗೆ ಗೊತ್ತು. ನನ್ನ ಕರಿಸಿದರು.

‘ಈಕಿ ಬೋರ್ಡಿನ್ಯಾಗೂ ಹಿಂಗ ಬರದ್ರ ಏನ್ರೀ ಗತಿ?’

‘ಫೇಲ್ ಆಗ್ತಾಳ್ರಿ ಸರ್.’

‘ಅದಿರಲಿ,’ ಅಂದರು. ‘ಶಾಲಿ ಹೆಸರು ಬರೀಬ್ಯಾಡಂತ ಹೇಳ್ರಿ.’

೪. ನದಿ

ನನಗ ಖರೇನ ಹೆದರಿಕಿ ಹತ್ತಿತು. ಇಷ್ಟು ಚುರುಕು ಹುಡುಗಿ ಖರೇ ಹೇಳಿದ ತಪ್ಪಿಗೆ ಭಾಂಡಿ ತಿಕ್ಕಬೇಕೇನು? ಆಕಿನ್ನ ಒಬ್ಬಾಕಿನ್ನ ಕೂಡಿಸಿಕೊಂಡು ಹೇಳಿದೆ, ‘ನೋಡವಾ, ಪೇಪರ್ ಬರಿಯೂ ಮೂರು ತಾಸು ನಿನಗ ಕಣ್ಣಿಲ್ಲ. ಪುಸ್ತಕದಾಗ ಏನದನೋ ಅಷ್ಟ ಜಗತ್ತು.’ ಎಂಟು ದಿನ ಗಿಣಿಗೆ ಕಲಿಸಿದಂಗ ಕಲಿಸಿದೆ.

ಪರೀಕ್ಷಾ ದಿನ ಗೇಟಿನ ಹೊರಗ ನಿಂತಿದ್ದೆ. ಆಕಿ ಹಲ್ಲು ಕಿರಕೋತ ಬಂದಳು. ‘ನಿಮ್ಮ ಭಾಗದ ನದಿಯ ಬಗ್ಗೆ ಬರೆಯಿರಿ ಅಂತ ಬಂದಿತ್ತರೀ ಅಕ್ಕೋರ. ತಿಳಿನೀರು, ಮೀನು, ದಂಡಿಗುಂಟ ಗಿಡಾ, ಎಲ್ಲಾ ಹಾಕೀನಿ. ಕಪ್ಪಿನೂ ಬಿಟ್ಟಿಲ್ಲ.’ ನನಗ ಜೀವ ತಂಪಾತು.

ರಿಸಲ್ಟ್ ಬಂತು. ಎಲ್ಲಾದ್ರಾಗೂ ಪಾಸ್, ವಿಜ್ಞಾನದಾಗ ಎಲ್ಲಾಕಿಂತ ಹೆಚ್ಚು ಮಾರ್ಕ್ಸ್. ತಾಯಿ ಮಗಳು ಪೇಢೆ ತಗೊಂಡು ಮನೀಗೆ ಬಂದರು. ಆ ತಾಯಿ ನನ್ನ ಕೈ ಹಿಡಕೊಂಡು ಕಣ್ಣೀರು ತಗದಳು. ಸಂಭಾಳಿಸಿಕೊಂಡು ಕೇಳಿದಳು, ‘ಅಕ್ಕೋರ, ಈಕಿ ಆ ನದಿ ಬಗ್ಗೆ ಬರದದ್ದು ನನಗ ಓದಿದಂಗ ಹೇಳಿದಳ್ರೀ. ಇಷ್ಟು ವರ್ಷ ಇಲ್ಲೇ ಇದ್ದು ನಾ ನೋಡೇ ಇಲ್ಲ ನೋಡ್ರಿ. ನಮ್ಮ ಕಡೆ ನಳದ ನೀರು ಬರೂದು ದಿನಕ್ಕ ಒಂದ ತಾಸು. ಎಲ್ಲಿ ಅದ ಹೇಳ್ರಿ, ಐತವಾರ ಹೋಗಿ ಹಾಸಿಗಿ ಎಲ್ಲಾ ಒಗಕೊಂಡು ಬರ್ತೀವಿ.’

ನನ್ನ ಬಾಯಾಗ ಪೇಢೆ ಇತ್ತು. ಇನ್ನೊಂದು ತಗದು ಆ ತಾಯಿ ಕೈಯಾಗ ಇಟ್ಟೆ. ಹುಡುಗಿ ನನ್ನ ಒಂದು ಸಲ ನೋಡಿದಳು, ಅವ್ವನ ಸೆರಗು ಮೆಲ್ಲಕ ಜಗ್ಗಿದಳು.

‘ಅದು ಮೂರ ತಾಸು ಅಷ್ಟ ಹರೀತದ ಬೇ,’ ಅಂದಳು. ‘ಪೇಪರ್ ಕಸಗೊಂಡ ಕೂಡ್ಲೇ ನಿಂತುಬಿಡತದ.’